ಹನ್ನೊಂದು ಟ್ಯಾಂಕರ್ ಕೇಳಿಸಿಕೊಂಡ ಮಾತು

ಹೆಸರು ಬರೆಯಲ್ಲ. "ಏನ್ ಬೇಕಾದ್ರೂ ಬರ್ಕೋ ಅವ್ವಾ, ಹೆಸರೊಂದು ಹಾಕ್ಬ್ಯಾಡ, ಜನ ನಗ್ತಾರೆ" ಅಂತ ಅವರೇ ಹೇಳಿದ್ರು. ಹೋದ ವರ್ಷ ತೀರಿಕೊಂಡ್ರು. ಹೋದವರ ಮಾತು ಮೀರಬಾರದು, ಸರಿ. ಆದ್ರೆ ನಗೋ ವಿಷಯ ನನ್ನ ಕೈಲಿಲ್ಲ. ಅವರನ್ನ ನೆನೆಸ್ಕೊಂಡ್ರೆ ನಂಗೆ ಅಳುಗಿಂತ ಮುಂಚೆ ನಗು ಬಂದುಬಿಡುತ್ತೆ. ಅದೂ ಎಲ್ಲಿ ಅಂತೀರಾ, ಬಸ್‌ಸ್ಟಾಪಲ್ಲಿ, ಬ್ಯಾಂಕ್ ಕ್ಯೂನಲ್ಲಿ, ಪಕ್ಕದವರು ಎರಡು ಹೆಜ್ಜೆ ಸರಿದು ನಿಲ್ಲೋ ಥರ.

ಆರ್‌ಪಿಸಿ ಲೇಔಟಲ್ಲಿ ಒಂದು ನೀರಿನ ಟ್ಯಾಂಕರ್ ಆಫೀಸು. ಹನ್ನೆರಡು ಲಾರಿ. ಯಾವ ಲಾರಿ ಯಾವ ಅಪಾರ್ಟ್‌ಮೆಂಟಿಗೆ ಯಾವಾಗ ಹೋಗ್ಬೇಕು ಅಂತ ನೋಡ್ಕೊಳ್ಳೋದು ನನ್ನ ಕೆಲಸ. ಫೋನ್ ಕಿವಿಗಿಟ್ಕೊಂಡು ಗಾಡಿ ಓಡಿಸಿ ಒಂದೇ ವಾರದಲ್ಲಿ ಮೂರು ಜನ ಡ್ರೈವರ್‌ಗಳು ಸಿಕ್ಕಿಹಾಕ್ಕೊಂಡ ಮೇಲೆ, ಓನರ್ ಸಾರ್ ಎಲ್ಲಿಂದಲೋ ಹಳೇ ವೈರ್‌ಲೆಸ್ ಸೆಟ್‌ಗಳನ್ನ ತಂದ್ರು. ಸಿ.ಬಿ. ರೇಡಿಯೋ ಅಂತೆ, ಲೈಸೆನ್ಸ್ ಬೇಡವಂತೆ. ಲಾರಿಗೊಂದು, ಆಫೀಸಿಗೊಂದು, ತಾರಸಿ ಮೇಲೆ ಬಟ್ಟೆ ಒಣಗಿಸೋ ಕಂಬದ ಪಕ್ಕ ಉದ್ದದ ಆಂಟೆನಾ. ಮೈಕ್ ಪಕ್ಕದ ಬಟನ್ ಒತ್ತಿದ್ರೆ ಮಾತಾಡಬಹುದು, ಬಿಟ್ರೆ ಕೇಳಬಹುದು. ಒಬ್ಬ ಮಾತಾಡಿದ್ರೆ ಎಲ್ಲರಿಗೂ ಕೇಳುತ್ತೆ. ಒಬ್ಬ ಒತ್ತಿಕೊಂಡೇ ಇದ್ರೆ ಮಿಕ್ಕವರು ಬಾಯಿ ಮುಚ್ಕೊಂಡಿರಬೇಕು, ಅವನಿಗೂ ಯಾರ ಮಾತೂ ಕೇಳಲ್ಲ. ಇಷ್ಟು ತಿಳ್ಕೊಂಡ್ರೆ ಸಾಕು.

ಮೊದಲ ವಾರ ಆ ಸೆಟ್ಟಲ್ಲಿ ಬರ್ತಿದ್ದಿದ್ದು ಎರಡೇ. ಒಂದು "ಹಲೋ ಹಲೋ ಕೇಳ್ತಾ ಇದೆಯಾ", ಇನ್ನೊಂದು ಇಲ್ಲಿ ಬರೆಯೋಕಾಗದ ಬೈಗುಳ. ನಾನು ತಲೆನೋವಿನ ಮಾತ್ರೆ ಡ್ರಾಯರಲ್ಲೇ ಇಟ್ಕೊಂಡಿದ್ದೆ. ಎಂಟನೇ ದಿನ ಏಳನೇ ನಂಬರ್ ಗಾಡಿಯಿಂದ ಒಂದು ದನಿ ಬಂತು. ಮದುವೆ ಮನೇಲಿ ಪಂಕ್ತಿ ನೋಡ್ಕೊಳ್ಳೋ ಹಿರಿಯರ ದನಿ.

"ಎಲ್ಲಾರಿಗೂ ಶರಣ್ರಿ. ಮಾಗಡಿ ರೋಡು ಗಟ್ಟಿ ಮೊಸರಾಗೈತೆ. ಚಮಚ ನೆಟ್ಟರೆ ನಿಲ್ತೈತೆ. ಬ್ಯಾರೆ ದಾರಿ ನೋಡ್ಕಳ್ರಿ."

ಆಮೇಲೆ ಒಬ್ಬೊಬ್ಬರಾಗಿ ಬಟನ್ ಒತ್ತಿ ನಗೋಕೆ ಶುರು ಮಾಡಿದ್ರು ನೋಡಿ, ನಾನೂ ಮಾತ್ರೆ ಡಬ್ಬಿ ಪಕ್ಕಕ್ಕಿಟ್ಟು ನಕ್ಕೆ. ನಮ್ಮ ಭಾಷೆ ಹುಟ್ಟಿದ್ದು ಅವತ್ತು.

ಅವರು ದಾವಣಗೆರೆ ಕಡೆಯವರು. ಐವತ್ತಾರು ವಯಸ್ಸು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಹೆಗಲ ಮೇಲೆ ಟವೆಲ್ಲು. ಮೈಕ್ ಕೈಗೆ ತಗೊಳ್ಳೋ ಮುಂಚೆ ಟವೆಲ್ ಸರಿ ಮಾಡ್ಕೊಳ್ಳೋರು, ಬಾಯಲ್ಲಿ ಅಡಿಕೆ ಇದ್ರೆ ಉಗುಳಿ ಬಾಯಿ ಮುಕ್ಕಳಿಸೋರು. "ಯಾರಿಗೆ ಕಾಣುತ್ತೆ ಅಂತ?" ಅಂದ್ರೆ, "ಕಾಣಲ್ಲ, ಆದ್ರೆ ಮಾತಿನಾಗೆ ಗೊತ್ತಾಗ್ತೈತೆ" ಅನ್ನೋರು. ಡ್ರೈವರ್‌ಗೆ ನೆನಪಿರೋದು ಎರಡೇ, ದಾರಿ ಮತ್ತು ಊಟ, ಅದಕ್ಕೇ ದಾರೀನ ಊಟದಲ್ಲಿ ಹೇಳಿದ್ರೆ ಮರೆಯಲ್ಲ ಅನ್ನೋದು ಅವರ ವಾದ. ಪೂರ್ತಿ ಜಾಮ್ ಆದ್ರೆ ಗಟ್ಟಿ ಮೊಸರು. ತೆವಳ್ತಾ ಇದ್ರೆ ಮಜ್ಜಿಗೆ. ರಸ್ತೆ ಖಾಲಿ ಇದ್ರೆ ನೀರು ಮಜ್ಜಿಗೆ, ಅದನ್ನ ವರ್ಷಕ್ಕೆ ಎರಡು ಸಲ ಹಬ್ಬದ ದಿನ ಕೇಳಿದ್ರೆ ನಮ್ಮ ಪುಣ್ಯ. ಹಂಪ್ ಅಂದ್ರೆ ಇಡ್ಲಿ. ಗುಂಡಿ ಸಾಲಾಗಿದ್ರೆ ಪಡ್ಡಿನ ಹಂಚು. ನೀರು ತುಂಬಿದ ಟ್ಯಾಂಕರ್ ಬಸುರಿ, ಖಾಲಿ ಮಾಡಿ ವಾಪಸ್ ಬರೋದು ಬಾಣಂತಿ. ಟ್ರಾಫಿಕ್ ಪೊಲೀಸರು ಬೀಗರು.

"ಬೀಗರು ಯಾಕೆ?" ಅಂತ ಕೇಳಿದೆ.

"ಬೀಗರ ಮುಂದೆ ಹೆಂಗಿರ್ತೀವಿ ಮೇಡಮ್ಮಾ? ತಗ್ಗಿ ಬಗ್ಗಿ, ಅಂಗಿ ಗುಂಡಿ ಹಾಕ್ಕಂಡು, ಕಾಗದ ಪತ್ರ ಎಲ್ಲಾ ಜೋಡಿಸ್ಕಂಡು ಇರ್ತೀವಿ. ಹಂಗೇ ಇರ್ಬೇಕು."

ಮಾತಾಡಿ ಅನ್ನೋಕೆ "ಬಡಿಸಿ". ಮಾತು ಮುಗೀತು ಅನ್ನೋಕೆ "ಎಲೆ ಮಡಚಿದೆ". ಡ್ರೈವರ್‌ಗಳಿಗೆ ಹೆಸರೂ ತೆಗೆದುಹಾಕಿದ್ರು. "ಹೆಸರ್ಯಾಕ್ರಿ, ಊರು ಸಾಕು. ಊರ್ಯಾಕ್ರಿ, ಊರಿನ ತಿಂಡಿ ಸಾಕು." ಬೆಳಗಾವಿಯವನು ಕುಂದಾ, ಧಾರವಾಡದವನು ಪೇಡ, ಮದ್ದೂರಿನವನು ವಡೆ. ದಾವಣಗೆರೆಯವರಾದ್ದರಿಂದ ಅವರು ಬೆಣ್ಣೆ. ನಾನು ವಿಜಯನಗರದಲ್ಲೇ ಹುಟ್ಟಿ ಬೆಳೆದೋಳು, ನನಗೆ ಯಾವ ತಿಂಡಿ? ಒಂದು ವಾರ ಯೋಚನೆ ಮಾಡಿ "ಉಪ್ಪಿನಕಾಯಿ" ಅಂತ ಇಟ್ರು. "ನೀವಿಲ್ದೆ ಯಾವ ಎಲೇನೂ ಪೂರ್ತಿ ಆಗಲ್ರಿ" ಅಂತ ಸಮಜಾಯಿಷಿ ಬೇರೆ. ನನ್ನ ಸಿಟ್ಟು ನೋಡಿ ಇಟ್ಟಿದ್ದು ಅಂತ ವಡೆ ಆಮೇಲೆ ಬಾಯಿಬಿಟ್ಟ.

"ಉಪ್ಪಿನಕಾಯಿ, ಬೆಣ್ಣೆ ಮಾತಾಡ್ತಿರಾದು. ಬಸುರಿ ಕೆಂಗೇರಿ ಬಿಟ್ಟಾಳೆ. ನಾಯಂಡಹಳ್ಳಿ ಮಜ್ಜಿಗೆ. ಅಲ್ಲಿಂದ ಮುಂದೆ ಪಡ್ಡಿನ ಹಂಚು. ದೀಪಾಂಜಲಿ ನಗರದಾಗೆ ಬೀಗರು ಕುಂತಾರೆ. ಎಲೆ ಮಡಚಿದೆ."

ಇದನ್ನ ಕೇಳಿಸ್ಕೊಂಡು, ನೀರು ಬಂದಿಲ್ಲ ಅಂತ ಜಗಳಕ್ಕೆ ಬಂದಿದ್ದ ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು ನನ್ನ ಮುಖ ಮುಖ ನೋಡೋರು. "ಗಾಬರಿ ಆಗ್ಬೇಡಿ ಸಾರ್, ಅದು ನಿಮ್ಮನೇ ನೀರೇ" ಅಂತಿದ್ದೆ.

ಬೈಗುಳಕ್ಕೂ ಅವರೇ ಔಷಧಿ ಕಂಡುಹಿಡಿದ್ರು. ಸೆಟ್ಟಲ್ಲಿ ಕೆಟ್ಟ ಮಾತು ಆಡಿದವನು ಅವತ್ತು ಸಂಜೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡೂ ಬರ್ದೋನು ಮೆಣಸಿನಕಾಯಿ ತರ್ಲಿ." ಕುಂದಾ ಒಬ್ಬನೇ ನಮ್ಮನ್ನೆಲ್ಲ ಮೂರು ತಿಂಗಳು ಸಾಕಿದ. ನನಗೆ ಸೀರೆ ಕುಪ್ಪಸ ಬಿಗಿ ಆಗಿದ್ದು ಆವಾಗಲೇ.

ಇಷ್ಟೆಲ್ಲ ಮಾತಿನ ಮಲ್ಲ, ಊರಿನ ರಸ್ತೆಗೆಲ್ಲ ಹೆಸರಿಟ್ಟ ಮನುಷ್ಯ. ಆದ್ರೆ ತನಗೆ ಬೇಕಾದ್ದೊಂದನ್ನ ಕೇಳೋಕೆ ಮಾತ್ರ ಬಾಯಿರಲಿಲ್ಲ.

"ಮದುವೆ ಯಾಕೆ ಆಗ್ಲಿಲ್ಲ?" ಅಂತ ಒಂದು ಸಲ ಕೇಳಿದ್ದೆ. "ಯಾರ್ನಾದ್ರೂ ಕೇಳ್ಬೇಕಲ್ಲವ್ವಾ" ಅಂದ್ರು. "ಕೇಳಿದ್ರೆ ಏನಾಗ್ತಿತ್ತು?" "ನಕ್ಕಿದ್ರೆ?" ಅಂದ್ರು. ನಾನು ತಮಾಷೆ ಅನ್ಕೊಂಡೆ. ಆಮೇಲೆ ದಾವಣಗೆರೆ ಬಿಟ್ಟ ಕಥೆ ಹೇಳಿದ್ರು. ಅಲ್ಲಿ ಮದುವೆ ದಿಬ್ಬಣದ ಬಸ್ಸು ಓಡಿಸ್ತಿದ್ರಂತೆ. ಒಂದು ಮದುವೆಗೆ ಗಂಡಿನ ಕಡೆಯವರ ಬಸ್ಸನ್ನ ಒಂದು ಛತ್ರದ ಬದಲು ಇನ್ನೊಂದು ಛತ್ರಕ್ಕೆ ತಂದು ನಿಲ್ಲಿಸಿಬಿಟ್ಟಿದ್ದಾರೆ. ಅಲ್ಲೂ ಮದುವೆ, ಅಲ್ಲೂ ವಾಲಗ, ಅಲ್ಲೂ ಬನ್ನಿ ಬನ್ನಿ ಅಂದಿದ್ದಾರೆ. ಐವತ್ತು ಜನ ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು, ಗಂಡು ಹಸೆಮಣೆ ಹತ್ರ ಹೋದಾಗ ಅಲ್ಲಿ ಬೇರೆ ಗಂಡು ಕೂತಿದ್ದಾನೆ! ಯಾರೂ ಬೈಲಿಲ್ಲವಂತೆ. ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರಂತೆ. ಇವರು ಬಸ್ಸಿನ ಬೀಗದ ಕೈ ಮಾಲೀಕರ ಟೇಬಲ್ ಮೇಲಿಟ್ಟು, ಅವತ್ತೇ ಮಧ್ಯಾಹ್ನ ಬೆಂಗಳೂರು ಬಸ್ ಹತ್ತಿದ್ರು. ಇಪ್ಪತ್ತು ವರ್ಷ ಆ ಊರ ಕಡೆ ತಲೆ ಹಾಕಲಿಲ್ಲ.

"ಬೈದ್ರೆ ತಡ್ಕಂತೀನವ್ವಾ, ನಕ್ಕರೆ ತಡಿಯಕ್ಕಾಗಲ್ಲ" ಅಂದ್ರು. ಸುಳ್ಳಲ್ಲ. ಅವರು ಕನ್ನಡಕ ತಲೆ ಮೇಲಿಟ್ಕೊಂಡು ಆಫೀಸೆಲ್ಲ ಹುಡುಕಿದ್ದಕ್ಕೆ ನಾವು ನಕ್ಕಿದ್ದಕ್ಕೇ ಮೂರು ದಿನ ಕೆಲಸಕ್ಕೆ ಬಂದಿರಲಿಲ್ಲ.

ಈಗ ನಮ್ಮಮ್ಮನ ವಿಷಯ. ನಮ್ಮ ಟ್ಯಾಂಕರ್ ಆಫೀಸಿನ ಪಕ್ಕದ ಮಳಿಗೇಲೇ ಅಮ್ಮನ ಹೊಲಿಗೆ ಅಂಗಡಿ, ಫಾಲು, ಪಿಕೋ, ಬ್ಲೌಸು. ನಂಗೆ ಈ ಕೆಲಸ ಸಿಕ್ಕಿದ್ದೂ ಆ ನಂಟಲ್ಲೇ. ಅಪ್ಪ ಹೋಗಿ ಆಗ ಹನ್ನೊಂದು ವರ್ಷ ಆಗಿತ್ತು. ಬೆಳಗ್ಗೆ ಕೆಲಸಕ್ಕೆ ಹೋದೋರು, ರಸ್ತೇಲೇ ಎದೆ ಹಿಡ್ಕೊಂಡು ಕೂತೋರು ಏಳಲಿಲ್ಲ. ಅಮ್ಮ ಅವತ್ತಿಂದ ಮೆಷಿನ್ ತುಳೀತಾನೇ ಇದ್ಲು. ಬಾಯಿ ಅಂದ್ರೆ ಕತ್ತರಿ. ನನ್ನ ಖಾರ ಎಲ್ಲಿಂದ ಬಂತು ಅಂತ ಕೇಳೋರು ಅಮ್ಮನ ಹತ್ರ ಎರಡು ನಿಮಿಷ ಮಾತಾಡಿದ್ರೆ ಸಾಕು.

ಬೆಣ್ಣೆ ಅಣ್ಣ ಅಂಗಿಗೆ ಗುಂಡಿ ಹಾಕಿಸೋಕೆ ಅಮ್ಮನ ಅಂಗಡಿಗೆ ಹೋಗೋರು. ಒಂದೇ ತಿಂಗಳಲ್ಲಿ ಒಂದೇ ಅಂಗಿಯ ಮೂರನೇ ಗುಂಡಿ ನಾಲ್ಕು ಸಲ ಕಿತ್ತು ಬಂತು. ಅಮ್ಮ ನನ್ನ ಹತ್ರ ಬಂದು, "ನಿಮ್ಮ ಡ್ರೈವರು ಗುಂಡೀನ ಹಲ್ಲಲ್ಲಿ ಕಚ್ಚಿ ಕೀಳ್ತಾರೆ ಕಣೇ. ದಾರದಲ್ಲಿ ಹಲ್ಲಿನ ಗುರುತಿದೆ" ಅಂದ್ಲು. "ಹಾಗಾದ್ರೆ ಬೈದು ಕಳ್ಸು" ಅಂದೆ. "ಕಳಿಸ್ಬೋದು" ಅಂದ್ಲು, ಐದನೇ ಸಲಾನೂ ಹಾಕಿಕೊಟ್ಲು. ಸೊಂಟ ನೋವು ಅಂದ್ರು ಅಂತ ಚೂರುಪಾರು ಬಟ್ಟೆ ತುಂಬಿ ಲಾರಿ ಸೀಟಿಗೆ ಒಂದು ದಿಂಬು ಹೊಲಿದುಕೊಟ್ಲು. ನಾನೆಂಥ ಪೆದ್ದಿ ಅಂದ್ರೆ ನನಗೆ ಏನೂ ಹೊಳೀಲಿಲ್ಲ.

ಏಪ್ರಿಲ್ ತಿಂಗಳು. ಬೋರ್‌ವೆಲ್ ಎಲ್ಲ ಬತ್ತಿ, ಜನ ಟ್ಯಾಂಕರ್ ಹಿಂದೆ ಓಡಿ ಬರೋ ಕಾಲ. ಮಧ್ಯಾಹ್ನ ಹನ್ನೆರಡೂವರೆ. ಅವರು ಕೆಂಗೇರಿ ಆಚೆ ನೀರು ತುಂಬಿಸ್ಕೊಂಡು ಅನ್ನಪೂರ್ಣೇಶ್ವರಿ ನಗರಕ್ಕೆ ಹೊರಟಿದ್ರು. "ಬಸುರಿ ಹೊಂಟ್ಳು, ಎಲೆ ಮಡಚಿದೆ" ಅಂತ ಹೇಳಿ ಮೈಕನ್ನ ಸೀಟಿನ ಪಕ್ಕ ಇಟ್ಟಿದ್ದಾರೆ. ಅದರ ಮೇಲೆ ಅಮ್ಮ ಹೊಲಿದ ದಿಂಬು ಜಾರಿ ಬಟನ್ ಮೇಲೆ ಕೂತಿದೆ. ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತಾಗಿದ್ದು ಸೆಟ್ಟಲ್ಲಿ ಇಂಜಿನ್ ಸದ್ದು ನಿಲ್ಲದೆ ಬಂದಾಗ. ಅದರ ಮೇಲೆ ಅವರ ದನಿ.

"ಮೇಡಮ್ಮಾ, ನಿಮ್ ಹತ್ರ ಒಂದ್ ಮಾತು ಕೇಳ್ಬೇಕಿತ್ತು."

"ಬೆಣ್ಣೆ, ಬಡಿಸಿ" ಅಂದೆ ನಾನು. ಅವರಿಗೆಲ್ಲಿ ಕೇಳುತ್ತೆ!

"ಥೂ, ರಜಾ ಕೇಳಕ್ಕೆ ಬಂದಂಗಾತು" ಅಂತ ತಮಗೆ ತಾವೇ ಬೈಕೊಂಡ್ರು. ಗೇರ್ ಬದಲಾಯಿಸಿದ ಸದ್ದು. ಗಂಟಲು ಸರಿ ಮಾಡ್ಕೊಂಡ್ರು. "ಮೇಡಮ್ಮಾ, ನಿಮ್ ತಾಯೋರು ಮಾಡೋ ಶೇಂಗಾ ಚಟ್ನಿಪುಡಿ ಐತಲ್ಲ... ಏ ಮುದುಕಾ, ಹೆಣ್ಣು ಕೇಳಕ್ಕೆ ಹೋಗಿ ಚಟ್ನಿಪುಡಿಯಿಂದ ಶುರು ಮಾಡ್ತಾರೇನ್ಲೇ?"

ಹೆಣ್ಣು ಕೇಳೋಕೆ! ನನ್ನ ಕೈಲಿದ್ದ ಪೆನ್ನು ಕೆಳಗೆ ಬಿತ್ತು. ಒಂದು ಕ್ಷಣ ನನ್ನನ್ನೇ ಕೇಳ್ತಿದಾರಾ ಅಂತ ಬೆವತೆ. ಅಷ್ಟರಲ್ಲಿ ಅವರೇ ಬಿಡಿಸಿ ಹೇಳಿದ್ರು. "ನೋಡವ್ವಾ, ಗಂಡ ಹೋದೋರು ಮತ್ತೆ ಮದುವೆ ಆಗಾದು ನಮ್ ಕಡೆ ಹೊಸದಲ್ಲ, ಉಡಿಕಿ ಅಂತ ಮಾಡ್ತಾರೆ. ನಿಮ್ ತಾಯೋರ್ನ ಕೇಳ್ಬೇಕು. ಮೊದ್ಲು ನಿನ್ನ ಕೇಳ್ಬೇಕು. ಮನೆಗೆ ಹಿರೇಳು ನೀನೇ ಅಲ್ಲೇನು?"

ಫೋನ್ ಮಾಡಿದೆ. ಸ್ವಿಚ್ ಆಫ್. ಗಾಡಿ ಓಡಿಸೋವಾಗ ಅವರ ಫೋನ್ ಊಟದ ಚೀಲದಲ್ಲಿ ಮಲಗಿರುತ್ತೆ, ಅದು ಅವರ ನಿಯಮ. ಹನ್ನೊಂದು ಲಾರಿಯವರು ಕಿವಿ ನಿಮಿರಿಸ್ಕೊಂಡು ಕೇಳ್ತಿದಾರೆ ಅಂತ ನಂಗೆ ಗೊತ್ತು. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಯಾರು? ಟಿಫನ್ ಕ್ಯಾರಿಯರ್ ಹಿಡ್ಕೊಂಡು ಅಮ್ಮ.

ಸೆಟ್ಟಿನ ವಾಲ್ಯೂಮ್ ಕಡಿಮೆ ಮಾಡೋಕೆ ಹಾರಿದೆ. ಅಮ್ಮ ನನ್ನ ಕೈ ಹಿಡ್ಕೊಂಡ್ಲು.

"ಯಾರ ತಾಯಿ ವಿಷಯ ಮಾತಾಡ್ತಿರೋದು?"

"ಯಾರ್ದೋ ಇರ್ಬೇಕಮ್ಮ."

"ಆ ದನಿ ನಂಗೆ ಗೊತ್ತಿಲ್ವಾ? ಸುಮ್ನೆ ಕೂತ್ಕೋ" ಅಂತ ಹೇಳಿ, ಕುರ್ಚಿ ಎಳ್ಕೊಂಡು, ಸೆರಗು ಸುತ್ಕೊಂಡು, ಸೆಟ್ಟಿನ ಮುಂದೆ ಕೂತೇಬಿಟ್ಲು.

ಅತ್ಲಾಗೆ ರಿಂಗ್ ರೋಡಲ್ಲಿ ವಡೆ ತನ್ನ ಲಾರಿ ಅಟ್ಟಿಸ್ಕೊಂಡು ಹೋಗಿ ಇವರ ಹಿಂದೆ ಹಾರ್ನ್ ಬಾರಿಸ್ತಾ ಇದ್ದ. ಅದೂ ನಮಗೆ ಕೇಳ್ತಿತ್ತು. "ಇವನ್ಯಾವನಪ್ಪಾ, ಹೆರಿಗೆಗೆ ಹೊಂಟಂಗೆ? ಹೋಗಪ್ಪಾ ಹೋಗು" ಅಂತ ಬೆಣ್ಣೆ ಅಣ್ಣ ಸೈಡ್ ಕೊಟ್ರು. ವಡೆ ಮುಂದೆ ಹೋಗಿ ಕಿಟಕಿಯಿಂದ ಕೈ ಆಚೆ ಹಾಕಿ ಬೀಸಿ ಬೀಸಿ ತೋರಿಸಿದ್ದಾನೆ. "ಓಹೋ, ನಮ್ ವಡೆ! ಶರಣಪ್ಪಾ ಶರಣು. ಪಾಪ, ಒಳ್ಳೇ ಮನುಷ್ಯ, ಎಲ್ಲೇ ಕಂಡ್ರೂ ಮಾತಾಡಿಸ್ತಾನೆ" ಅಂದ್ರು ಇವರು. ಅಮ್ಮನ ಭುಜ ಕುಲುಕ್ತಾ ಇತ್ತು. ನಾನೂ ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದೆ.

ಆಮೇಲೆ ಸಿಗ್ನಲ್ ಬಂತೋ ಏನೋ, ಗಾಡಿ ನಿಂತ ಸದ್ದು. ಅವರ ದನಿ ತಗ್ಗಿತು.

"ನಂಗೇನೂ ದೊಡ್ಡ ಆಸೆ ಇಲ್ಲವ್ವಾ. ಸಂಜಿಗೆ ಗಾಡಿ ನಿಲ್ಸಿ ರೂಮಿಗೆ ಹೋದ್ರೆ ದಿನಾ ಲೈಟ್ ನಾನೇ ಹಾಕ್ಬೇಕು. ಮೂವತ್ತು ವರ್ಷ ಹಾಕೀನಿ. ಒಂದಿನ ಹೋದಾಗ ಲೈಟ್ ಮೊದ್ಲೇ ಉರೀತಿರ್ಬೇಕು. ಅಷ್ಟೇ. ಅವ್ರು ತಡ ಆಗಿ ಬಂದ್ರೆ ನಾನು ಹಾಕಿರ್ತೀನಿ. ನಿಮ್ಮಪ್ಪಾಜಿ ಫೋಟೋಕ್ಕೆ ಹೂವು ನಾನೇ ತರ್ತೀನಿ, ಅವರ ಜಾಗ ನಂಗೆ ಬ್ಯಾಡ. ನೀನು ಬ್ಯಾಡ ಅಂದ್ರೆ ಈ ಮಾತು ಇಲ್ಲಿಗೇ ಬಿಡ್ತೀನಿ. ಅಂಗಿ ಗುಂಡಿ ನಾನೇ ಹಾಕ್ಕಂತೀನಿ."

ಅಮ್ಮ ಎದ್ದಳು. ಕ್ಯಾರಿಯರ್ ಮೇಜಿನ ಮೇಲಿಟ್ಟಳು. "ಮೊಸರನ್ನ ಇದೆ, ಬೇಗ ತಿನ್ನು, ಹುಳಿ ಬರುತ್ತೆ" ಅಂತ ಹೇಳಿ ಹೋದಳು. ಪಕ್ಕದ ಅಂಗಡೀಲಿ ಮೆಷಿನ್ ಸದ್ದು ಅರ್ಧ ಗಂಟೆ ಬರಲಿಲ್ಲ.

ಅನ್ನಪೂರ್ಣೇಶ್ವರಿ ನಗರ ಮುಟ್ಟಿ ಇಳಿಯೋವಾಗ ದಿಂಬು ಸರಿದಿದೆ. ಮೈಕ್ ತಗೊಂಡು ಎಂದಿನ ಹಾಗೆ, "ಉಪ್ಪಿನಕಾಯಿ, ಬೆಣ್ಣೆ. ಬಸುರಿ ಮುಟ್ಟಿದ್ಲು. ಏನ್ರಪ್ಪಾ, ಇವತ್ತು ಒಬ್ಬರ್ದೂ ಸದ್ದಿಲ್ಲ?" ಅಂದ್ರು.

"ಎಲ್ಲಾ ಕಡೆ ಗಟ್ಟಿ ಮೊಸರು" ಅಂದೆ. ಇನ್ನೇನು ಹೇಳ್ಲಿ?

ಈಗ ಸೆಟ್ಟಲ್ಲಿ ಏನು ಹೇಳಿದ್ರೂ ಅವರಿಗೂ ಕೇಳುತ್ತೆ. ಗೊತ್ತಾದ್ರೆ ಮುಗೀತು, ಬೀಗದ ಕೈ ಟೇಬಲ್ ಮೇಲಿಟ್ಟು ಬಸ್ ಹತ್ತೋ ಆಸಾಮಿ. ಹನ್ನೊಂದು ಜನಕ್ಕೂ ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಅವರಿಗೆ ಗೊತ್ತಾದ್ರೆ ನಿಮ್ಮ ಕಾಲು ಮುರೀತೀನಿ." ಕುಂದಾ ಮೂಗು ಎಳ್ಕೊಳ್ತಾ, "ಮೇಡಮ್, ಆ ಲೈಟಿನ ಮಾತ ಕೇಳಿ ನನಗ ಗಾಡಿ ಬಾಜೂಕ ಹಚ್ಚಿ ಕಣ್ಣ ಒರಸ್ಕೋಬೇಕಾತ್ರೀ" ಅಂದ.

ಇಷ್ಟೆಲ್ಲ ಮಾಡಿದೋಳು ನಾನು ಮನೆಗೆ ಹೋಗಿ ಏನು ಮಾಡಿದೆ ಗೊತ್ತಾ? ಅಮ್ಮನ ಜೊತೆ ಮೂರು ದಿನ ಮಾತು ಬಿಟ್ಟೆ. ಗೋಡೆ ಮೇಲೆ ಅಪ್ಪನ ಫೋಟೋ. ಹೊರಗಡೆ ನಗು ಬರುತ್ತೆ, ಮನೆ ಒಳಗೆ ಬಂದ್ರೆ ಹೊಟ್ಟೆ ಉರಿಯುತ್ತೆ. ನಾಲ್ಕನೇ ದಿನ, "ನಂಗೇ ಇನ್ನೂ ಮದುವೆ ಆಗಿಲ್ಲ, ನಿಂಗೆ ಗಂಡು ನೋಡ್ಬೇಕಾ?" ಅಂದುಬಿಟ್ಟೆ.

"ನಾನೇನು ಕ್ಯೂನಲ್ಲಿ ನಿನ್ನ ಹಿಂದಿದ್ದೋಳು ಮುಂದೆ ನುಗ್ಗಿದ್ನಾ?" ಅಂದ್ಲು ಅಮ್ಮ, ಕೊತ್ತಂಬರಿ ಸೊಪ್ಪು ಬಿಡಿಸ್ತಾ. ಆಮೇಲೆ, "ನಾನಿನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನಿಂಗ್ಯಾಕೆ ಉರಿ?" ಅಂದ್ಲು.

ಅದರ ಮಾರನೇ ದಿನ ನಾನು ಆಫೀಸಿಂದ ಬೇಗ ಮನೆಗೆ ಬಂದೆ. ಅಮ್ಮ ಇನ್ನೂ ಬಂದಿರಲಿಲ್ಲ. ಬೀಗ ತೆಗೆದೆ. ಹಾಲ್ ಕತ್ತಲೆ. ದಿನಾ ಅಮ್ಮನೇ ಮೊದಲು ಬರೋದು, ನಾನು ಬರೋ ಹೊತ್ತಿಗೆ ದೀಪ ಹತ್ತಿರುತ್ತೆ, ಕಾಫಿ ಬಿಸಿ ಇರುತ್ತೆ. ಹನ್ನೊಂದು ವರ್ಷ ಅವಳು ಈ ಕತ್ತಲೆಗೆ ಬಂದು ನಿಂತಿದ್ದಾಳೆ, ನಂಗೆ ಒಂದು ದಿನಾನೂ ಅನ್ನಿಸಿರಲಿಲ್ಲ. ಸ್ವಿಚ್ ಮೇಲೆ ಕೈಯಿಟ್ಕೊಂಡು ಅಳ್ತಾ ನಿಂತೆ. ನನ್ನ ಉರಿ ಅಲ್ಲಿಗೆ ಇಳೀತು.

ಆದ್ರೆ ಆ ಮಹಾನುಭಾವರು ಬಂದು ಕೇಳಬೇಕಲ್ಲ! ದಿನಾ ಬರೋರು, "ಮೇಡಮ್ಮಾ..." ಅನ್ನೋರು, ನಾನು ಮೈಯೆಲ್ಲ ಕಿವಿಯಾಗಿ "ಹೇಳಿ" ಅಂದ್ರೆ, "ಟಯರ್ ಗಾಳಿ ಕಮ್ಮಿ ಐತೆ" ಅಂತ ಹೋಗೋರು. ಡ್ರೈವರ್‌ಗಳಂತೂ ಅವರನ್ನ ಗಾಜಿನ ಲೋಟದ ಥರ ನೋಡ್ಕೊಳ್ಳೋಕೆ ಶುರು ಮಾಡಿದ್ರು. ಒಬ್ಬ ಬಾಳೆಹಣ್ಣು ತರ್ತಾನೆ, ಒಬ್ಬ ಅವರ ಗಾಡಿ ಒರೆಸ್ತಾನೆ, ಕುಂದಾ ಬೈಯೋದನ್ನೇ ಬಿಟ್ಟ. ಬೆಣ್ಣೆ ಅಣ್ಣ ಹತ್ತು ದಿನ ನೋಡಿದ್ರು. ಆಮೇಲೆ ನನ್ನ ಹತ್ರ ಬಂದು ಮೆಲ್ಲಗೆ, "ಮೇಡಮ್ಮಾ, ನಿಜ ಹೇಳು. ನಂಗೇನಾದ್ರೂ ದೊಡ್ಡ ಕಾಯಿಲೆ ಐತಾ? ಹೋದ ತಿಂಗಳು ಟೆಸ್ಟಿಗೆ ರಕ್ತ ಕೊಟ್ಟು ಬಂದಿದ್ದೆ" ಅಂದ್ರು.

ಕೊನೆಗೊಂದು ಭಾನುವಾರ ಬೆಳಗ್ಗೆ ಬಂದ್ರು. ವಿಜಯನಗರದ ನಮ್ಮ ಮನೆಗೆ. ಬಿಳಿ ಅಂಗಿ, ಬಿಳಿ ಪಂಚೆ, ಕೈಲಿ ತಟ್ಟೆ. ತಟ್ಟೆ ತುಂಬ ಹಣ್ಣು, ಹೂವು, ತೆಂಗಿನಕಾಯಿ. ಹೆಣ್ಣು ಕೇಳೋಕೆ ಹೋಗೋವಾಗ ಜೊತೆಗೆ ಹಿರಿಯರು ಇರ್ಬೇಕು. ಇವರಿಗೆ ಯಾರಿದ್ದಾರೆ? ಹದಿನೈದು ವರ್ಷ ಚಿಕ್ಕವನಾದ ವಡೇನೇ ಹಿರಿಯ ಅಂತ ಕರ್ಕೊಂಡು ಬಂದಿದ್ರು. ಅವನು ಎಲ್ಲಿಂದಲೋ ತಂದ ಜರಿ ಶಲ್ಯ ಹೊದ್ದು, ನಗು ತಡ್ಕೊಂಡು ತಡ್ಕೊಂಡು ಮುಖ ಕೆಂಪಗೆ ಮಾಡ್ಕೊಂಡಿದ್ದ.

ನಾನು ಹೆಣ್ಣಿನ ಕಡೆ ಹಿರಿಯಳು. ಗಂಭೀರವಾಗಿ ಕುರ್ಚೀಲಿ ಕೂತೆ. "ಏನು ಬಂದಿದ್ದು?" ಅಂದೆ.

"ಬಿಸ್ಲು ಜಾಸ್ತಿ" ಅಂದ್ರು.

"ಹೂಂ."

"ನೀರಿಗೂ ತ್ರಾಸು."

"ಹೂಂ."

ವಡೆ ಮೊಣಕೈಯಲ್ಲಿ ತಿವಿದ. ಅವರ ಹಣೇ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳೀತಾ ಇತ್ತು. ತಟ್ಟೆ ಕೆಳಗಿಡೋದೂ ಮರೆತು ಹಿಡ್ಕೊಂಡೇ ಕೂತಿದ್ರು. "ಮೇಡಮ್ಮಾ, ನಿಮ್ ತಾಯೋರು... ನಿಮ್ ತಾಯೋರು..." ಅಂತ ಎರಡು ಸಲ ಅಂದು ನಿಂತುಬಿಟ್ರು.

ಅಡುಗೆಮನೆ ಬಾಗಿಲಿಂದ ಅಮ್ಮನ ದನಿ ಬಂತು. "ಚಟ್ನಿಪುಡಿಯಿಂದ ಬೇಡ. ಆಮೇಲಿಂದು ಹೇಳಿ. ಲೈಟಿಂದು."

ನಾನು ಕಣ್ಣು ಮುಚ್ಕೊಂಡೆ. ಅಯ್ಯೋ ಅಮ್ಮಾ! ಎರಡು ವಾರ ಹನ್ನೊಂದು ಜನ ಹೊಟ್ಟೇಲಿ ಇಟ್ಕೊಂಡಿದ್ದನ್ನ ಒಂದೇ ಏಟಿಗೆ ಹೊರಗೆ ಹಾಕಿದ್ಯಲ್ಲೇ!

"ಅದು... ಅದು ನಿಮ್ಗೆ ಯಾರು ಹೇಳಿದ್ರಿ?" ಅಂದ್ರು ಅವರು.

"ನೀವೇ ಅಣ್ಣ" ಅಂದ ವಡೆ. ಇನ್ನು ಮುಚ್ಚಿಟ್ಟು ಫಲ ಇಲ್ಲ ಅನ್ನಿಸ್ತೇನೋ. "ಬಟನ್ ಒತ್ಕೊಂಡೇ ಇತ್ತು. ಇಡೀ ದಾರಿ. ಎಲ್ಲಾ ಗಾಡಿಗೂ ಕೇಳ್ತು."

ಅವರು ತಟ್ಟೆ ಮೆಲ್ಲಗೆ ಟೀಪಾಯಿ ಮೇಲಿಟ್ರು. ಎದ್ರು. ಯಾರ ಮುಖಾನೂ ನೋಡದೆ ಬಾಗಿಲ ಕಡೆ ಹೋದ್ರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ರು. ಇನ್ನೊಂದು ಕಾಲಿಗೂ ಮೆಟ್ಟಿದ್ರೆ ಆ ಮನುಷ್ಯ ಈ ಜನ್ಮಕ್ಕೆ ಸಿಗಲ್ಲ ಅಂತ ನಂಗೆ ಗೊತ್ತಿತ್ತು. ತಡೀಬೇಕು ಅಂತ ಕುರ್ಚಿಯಿಂದ ಎದ್ದೆ. ವಡೇನೂ ಶಲ್ಯ ಹಿಡ್ಕೊಂಡು ಎದ್ದ.

ಅಮ್ಮ ಕೈ ಒರೆಸ್ಕೊಂಡು ಹೊರಗೆ ಬಂದ್ಲು. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಪಕ್ಕಕ್ಕೆ ನಿಂತ್ಲು.

"ಎಲ್ಲಾರೂ ನಕ್ರೇನ್ರಿ?" ಅಂತ ಕೇಳಿದ್ರು ಅವರು, ನೆಲ ನೋಡ್ತಾ.

"ನಕ್ರು. ನಾನೂ ನಕ್ಕೆ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ" ಅಂದ್ಲು ಅಮ್ಮ. "ಎಷ್ಟು ವರ್ಷ ಆಗಿತ್ತು ಗೊತ್ತಾ ನಾನು ಹಾಗೆ ನಕ್ಕು? ಲೈಟಿನ ಮಾತು ಬಂದಾಗ ಮಾತ್ರ ಯಾರೂ ನಗ್ಲಿಲ್ಲ."

ಅವರು ಇನ್ನೊಂದು ಚಪ್ಪಲಿ ಕಡೆ ನೋಡಿದ್ರು.

"ನೋಡಿ" ಅಂದ್ಲು ಅಮ್ಮ. ಅವಳ ದನಿ ನಡುಗಿದ್ದನ್ನ ನಾನು ಅವತ್ತು ಮೊದಲ ಸಲ ಕೇಳಿದ್ದು. "ಇವರಪ್ಪ ಸಂಜೆ ಬರ್ತೀನಿ ಅಂತ ಹೋದೋರು ಬರ್ಲಿಲ್ಲ. ಅದು ಅವರ ಕೈಲಿರ್ಲಿಲ್ಲ. ಜನ ನಕ್ರು ಅಂತ ಎದ್ದು ಹೋಗೋರನ್ನ ಕಾಯ್ತಾ ಕೂರೋಕೆ ನನ್ನ ಕೈಲಾಗಲ್ಲ. ಹೋಗೋರಾದ್ರೆ ಈಗ್ಲೇ ಹೋಗಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಇರೋರಾದ್ರೆ ಹೇಳಿ. ಇರ್ತೀರಾ?"

ಹೊರಗೆ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಅಂತ ಕೂಗ್ತಾ ಹೋದ. ಅವರು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿ, ಹಾಗೇ ನಿಂತಿದ್ರು. ಆಮೇಲೆ ಬಗ್ಗಿ ಚಪ್ಪಲಿ ಬಿಚ್ಚಿ, ಎರಡನ್ನೂ ಜೋಡಿಸಿ, ಅಮ್ಮನ ಚಪ್ಪಲಿ ಪಕ್ಕ ಇಟ್ರು.

"ಇರ್ತೀನ್ರಿ" ಅಂದ್ರು.

ಇದ್ರು. ನಾಲ್ಕು ವರ್ಷ ಮೂರು ತಿಂಗಳು, ಅವರ ಕೈಲಾಗೋವರೆಗೆ ಇದ್ರು.